ಸೀರೆ ನೇಯುವ ಊರಿಗೆ ಹೊರಗಿನ ಪರದೆ!

ರಬಕವಿಯ ಬಜಾರದಲ್ಲಿ ಯಾವುದೇ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಅರ್ಧ ತಾಸು ಕುಳಿತರೆ ಸಾಕು, ಇಂಥದೊಂದು ಮಾತುಕತೆ ಕಿವಿಗೆ ಬಿದ್ದೇ ಬೀಳುತ್ತದೆ.

"ಅಣ್ಣಾರ, ಕಿಡಕಿ ಪರದೆ ಅರಿವಿ ತೋರಸ್ರಿ."

"ಎಷ್ಟ್ ಮೀಟರ್ ಬೇಕ್ರೀ ಅಕ್ಕಾರ?"

"ಎಷ್ಟ್ ಹತ್ತತೈತಿ ನೀವ ಹೇಳ್ರಿ."

"ಕಿಡಕಿ ಎಷ್ಟ್ ಅಗಲ ಐತಿ?"

"ಎಲ್ಲಾರ ಮನಿ ಕಿಡಕಿ ಇದ್ದಂಗ ಐತ್ರಿ!"

ಅಂಗಡಿಯವರು ನಕ್ಕು ಒಂದು ಥಾನು ಬಿಚ್ಚುತ್ತಾರೆ. ಮಿರಮಿರ ಮಿಂಚುವ ಪಾಲಿಯೆಸ್ಟರ್, ಮೇಲೆ ತಟ್ಟೆಯಗಲದ ಗುಲಾಬಿ ಹೂವು. ನೋಡಿದ ಕೂಡಲೇ ಮನಸ್ಸು ಹಾರುತ್ತದೆ. ಅಂದಾಜಿನ ಮೇಲೆ ಹರಿಸಿಕೊಂಡು, ಹೊಲಿಸಿ, ಮನೆಗೆ ಒಯ್ದು ಕಟ್ಟಿದರೆ ಪರದೆ ಒಂದು ಗೇಣು ಗಿಡ್ಡ!

ಇದು ನಗುವ ಮಾತು. ಆದರೆ ಇದರ ಬೆನ್ನಿಗೇ ಒಂದು ಚಿಂತೆಯ ಮಾತೂ ಇದೆ. ಆ ಥಾನು ಬಂದದ್ದು ನೂರಾರು ಮೈಲಿ ಆಚೆಯ ಗಿರಣಿಯಿಂದ. ಅದನ್ನು ಬಿಚ್ಚಿದ ಅಂಗಡಿಯ ಹಿಂದಿನ ಓಣಿಯಲ್ಲಿ ಮಾತ್ರ ಮಗ್ಗಗಳು ಖಟಖಟ ಬಡಿಯುತ್ತಲೇ ಇವೆ. ನೇಯ್ದು ಹೊಟ್ಟೆ ಹೊರೆಯುವ ಊರು ತನ್ನ ಕಿಟಕಿಗೆ ಮಾತ್ರ ಹೊರಗಿನ ಬಟ್ಟೆ ಕಟ್ಟುತ್ತಿದೆ. ದೀಪದ ಬುಡದಲ್ಲೇ ಕತ್ತಲೆ ಎಂದರೆ ತಪ್ಪಾಗಲಾರದು.

ಇಬ್ಬರು ರಾಜರು, ಒಂದೇ ನೂಲು

ರಬಕವಿ, ಬನಹಟ್ಟಿ, ರಾಮಪುರ, ಹೊಸೂರ ಇವೆಲ್ಲ ಸೇರಿ ಇಂದು ಒಂದೇ ನಗರಸಭೆ. ಸ್ವಾತಂತ್ರ್ಯಕ್ಕೆ ಮೊದಲು ಹಾಗಿರಲಿಲ್ಲ. ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ರಾಜರು ಇಬ್ಬರಾದರೂ ಎರಡೂ ಕಡೆ ಕಸುಬು ಒಂದೇ, ನೇಯ್ಗೆ. ಆಮೇಲೆ ಎರಡೂ ಊರು ವಿಜಾಪುರ ಜಿಲ್ಲೆಗೆ ಸೇರಿದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ಮಗ್ಗದ ಸಪ್ಪಳ ಬದಲಾಗಲಿಲ್ಲ. ಕೈಮಗ್ಗದ ಜಾಗದಲ್ಲಿ ಬಹುಮಟ್ಟಿಗೆ ವಿದ್ಯುತ್ ಮಗ್ಗ ಬಂತು, ಅಷ್ಟೇ.

ಹಿಂದಿನ ನೇಕಾರರ ಮನೆಯಲ್ಲಿ ಸಿಂಗಾರಕ್ಕೆ ಜಾಗವೇ ಕಡಿಮೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಒಂದು ಬೆಳಕಿಂಡಿ. ಪಡಸಾಲೆಯ ಬಹುಭಾಗ ಕುಣಿಮಗ್ಗದ್ದೇ. ಬಂದವರಿಗೆ ಕಂಬಳಿ ಇಲ್ಲವೆ ಜಮಖಾನ ಹಾಸಿದರೆ ಅದೇ ದಿವಾಣಖಾನೆ. ಆದರೂ ಬಾಗಿಲ ಮೇಲೆ ಹೆಣ್ಣುಮಕ್ಕಳು ಪೋಣಿಸಿದ ಮಣಿಯ ತೋರಣವಿರುತ್ತಿತ್ತು. ಗೋಡೆಗೆ ಕಟ್ಟು ಹಾಕಿದ ಲಕ್ಷ್ಮಿ, ಸರಸ್ವತಿಯರ ಪಟ. ಇಂಥ ಬಣ್ಣದ ಪಟಗಳನ್ನು ಮನೆಮನೆಗೆ ಮುಟ್ಟಿಸಿದ್ದು 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮರ ಮುದ್ರಣಾಲಯ. ಗೂಡಿನಲ್ಲಿ ತಿಕ್ಕಿ ಹೊಳಪಿಸಿದ ಹಿತ್ತಾಳೆ ತಂಬಿಗೆಗಳ ಸಾಲು. ಇದ್ದದ್ದು ನಾಲ್ಕೇ ಸಾಮಾನು, ನಾಲ್ಕೂ ಬಳಕೆಗೆ ಬರುವಂಥವು, ಇಲ್ಲವೆ ಮನೆಯವರ ಕೈಯಿಂದ ಆದಂಥವು.

ಈಗ ಸ್ಲ್ಯಾಬ್ ಮನೆ ಬಂದಿದೆ. ಪಡಸಾಲೆ ಹೋಗಿ 'ಹಾಲ್' ಆಗಿದೆ. ಬ್ಯಾಂಕಿನ ಸಾಲ ಮಾಡಿ ಕಟ್ಟಿದ ಮನೆ ಬರಿದಾಗಿ ಕಾಣಬಾರದಲ್ಲ? ವಾಸ್ತುಶಾಂತಿಗೆ ಮುಂಚೆ ಸಾಮಾನಿನ ಸಂತೆಯೇ ಒಳಗೆ ಬರುತ್ತದೆ. ಸೋಫಾ ಬಂತು, ಆದರೆ ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಯುವಂತಿಲ್ಲ. ಬೀಗರು ಬೇಸಿಗೆಯಲ್ಲಿ ಅದರ ಮೇಲೆ ಕುಳಿತು ಬೆವರಿನಿಂದ ಅಂಟಿಕೊಂಡು ಏಳಬೇಕು! ಶೋಕೇಸಿನಲ್ಲಿ ಪ್ಲಾಸ್ಟಿಕ್ ಹೂವು, ಅದರ ಮೇಲೆ ಆರು ತಿಂಗಳ ಧೂಳು.

ಮೊದಲು ಜಾಗ, ಆಮೇಲೆ ಸಾಮಾನು

ಸಿಂಗಾರದ ಮೊದಲ ಪಾಠ ಅಂಗಡಿಯಲ್ಲಿಲ್ಲ, ಅಳತೆಯ ಟೇಪಿನಲ್ಲಿದೆ. ಒಂದು ಸಣ್ಣ ಲೆಕ್ಕ ನೋಡಿ.

ಹಾಲ್ 10 ಅಡಿಗೆ 12 ಅಡಿ ಎನ್ನೋಣ. ಒಟ್ಟು 120 ಚದರ ಅಡಿ. ಮೂರು ಜನ ಕೂಡುವ ಸೋಫಾ ಆರೂವರೆ ಅಡಿ ಉದ್ದ, ಮೂರು ಅಡಿ ಆಳ. ಅದಕ್ಕೆ ಇಪ್ಪತ್ತು ಚದರ ಅಡಿ ಹೋಯಿತು. ಒಬ್ಬೊಬ್ಬರು ಕೂಡುವ ಎರಡು ಕುರ್ಚಿಗೆ ಹದಿನೆಂಟು. ನಡುವಿನ ಟೀಪಾಯಿಗೆ ಏಳು. ಒಟ್ಟು ನಲವತ್ತೈದು. ಅಂದರೆ ಹಾಲಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಾಗ ಕುಳಿತುಕೊಳ್ಳುವ ಸಾಮಾನಿಗೇ ಖರ್ಚು! ಬಾಗಿಲು ತೆರೆಯಲು, ಟಿ.ವಿ. ಇಡಲು, ಮಕ್ಕಳು ಆಡಲು ಉಳಿದದ್ದೆಷ್ಟು? ನಾಲ್ಕು ಮಂದಿ ಹೆಚ್ಚಿಗೆ ಬಂದರೆ ಕಡೆಗೆ ಜಮಖಾನವೇ ಗತಿ.

ಸಣ್ಣ ಹಾಲಿಗೆ ಗೋಡೆಗುಂಟ ಒಂದು ಗಿಡ್ಡ ಮಂಚ, ಅದರ ಮೇಲೊಂದು ಗಾದಿ, ನಾಲ್ಕು ಲೋಡು ಇದ್ದರೆ ಬೇಕಾದಷ್ಟಾಯಿತು. ಹಗಲು ಕೂಡಲು, ರಾತ್ರಿ ಮಲಗಲು. ಇದು ಬಡತನದ ಲಕ್ಷಣವಲ್ಲ. ಸಂಸ್ಥಾನಿಕರ ವಾಡೆಗಳಲ್ಲೂ ಗಾದಿ-ಲೋಡುಗಳ ಬೈಠಕ್ಕೇ ಇತ್ತು ಎಂಬುದನ್ನು ಜಮಖಂಡಿ, ಮುಧೋಳದವರಿಗೆ ಬೇರೆ ಹೇಳಬೇಕಾಗಿಲ್ಲ.

ಸಾಮಾನು ಕೊಳ್ಳುವ ಮುಂಚೆ ಸೋಫಾದ ಅಳತೆಗೆ ಹಳೆಯ ಪತ್ರಿಕೆಗಳನ್ನು ನೆಲದ ಮೇಲೆ ಹಾಸಿ, ಒಂದು ದಿನ ಅದರ ಸುತ್ತ ಓಡಾಡಿ ನೋಡಬೇಕು. ಕಾಲಿಗೆ ತೊಡಕಾದರೆ ಸಾಮಾನು ದೊಡ್ಡದಾಯಿತು ಎಂದೇ ಅರ್ಥ. ಓದಿ ಮುಗಿಸಿದ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಯಾವುದು?

ಬಿಸಿಲು ನೋಡಿ ಬಣ್ಣ

ಎರಡನೆಯ ಪಾಠ ಬಿಸಿಲಿನದು. ಈ ಕಡೆಯ ಬೇಸಿಗೆ ಎಂದರೆ ನಲವತ್ತು ಡಿಗ್ರಿ ಮುಟ್ಟುವ ಬೇಸಿಗೆ. ಸ್ಲ್ಯಾಬ್ ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಕಾರುತ್ತದೆ. ಇಂಥಲ್ಲಿ ಮುಂಬಯಿಯ ಸಿನೆಮಾ ಮನೆ ನೋಡಿ ಕಡುಕೆಂಪು ಗೋಡೆ, ಮಖಮಲ್ಲಿನ ಪರದೆ ಮಾಡಿಸಿದರೆ ಕೋಣೆ ಕುಲುಮೆಯಂತೆ ಕಾಣುತ್ತದೆ. ಸಣ್ಣ ಕೋಣೆಗೆ ತಿಳಿಬಣ್ಣವೇ ಸರಿ. ಅದು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ, ಕೋಣೆ ಅಗಲವಾಗಿ ಕಾಣುತ್ತದೆ, ಹಗಲು ಲೈಟು ಹಾಕುವುದೂ ತಪ್ಪುತ್ತದೆ. ಬಣ್ಣದ ಹುಚ್ಚು ತೀರಿಸಿಕೊಳ್ಳಲು ದಿಂಬು, ಹಾಸು, ಪರದೆಗಳಿವೆ. ಬೇಸರವಾದರೆ ದಿಂಬಿನ ಗವಸು ಬದಲಿಸಬಹುದು, ಗೋಡೆ ಬದಲಿಸಲು ಆಗುತ್ತದೆಯೆ?

ಪಡುವಣ ಕಿಟಕಿಯ ಸಂಜೆ ಬಿಸಿಲು ಬಹಳ ಕೆಟ್ಟದ್ದು. ಒಳಗೆ ಎಷ್ಟು ದಪ್ಪ ಪರದೆ ಕಟ್ಟಿದರೂ ಗಾಜು ದಾಟಿ ಬಂದ ಕಾವು ಬಂದದ್ದೇ. ಬಿಸಿಲನ್ನು ಹೊರಗೇ ತಡೆಯಬೇಕು. ಹೊರಗೊಂದು ಬಿದಿರಿನ ಚಿಕ್ಕು, ಒಳಗೊಂದು ತೆಳುಬಣ್ಣದ ಹತ್ತಿ ಪರದೆ, ಇದು ಸರಿಯಾದ ಜೋಡಿ. ಹತ್ತಿ ಪರದೆ ತೊಯ್ಯಿಸಿ ಹಿಂಡಿ ಕಟ್ಟಿದರೆ ಒಣಗಾಳಿಯ ದಿನ ಕೋಣೆ ಒಂದಿಷ್ಟು ತಂಪಾಗುವುದನ್ನು ಅನುಭವಸ್ಥರು ಬಲ್ಲರು. ಪಾಲಿಯೆಸ್ಟರ್ ನೀರು ಹಿಡಿಯುವುದಿಲ್ಲ, ಈ ಉಪಾಯ ಅದಕ್ಕೆ ನಡೆಯದು.

ಆದರೆ ಪಾಲಿಯೆಸ್ಟರನ್ನು ಬರೀ ಬೈದರೆ ನ್ಯಾಯವಲ್ಲ. ಅದು ಬೇಗ ಒಣಗುತ್ತದೆ, ಸುಕ್ಕಾಗುವುದಿಲ್ಲ, ಒಗೆದರೆ ಗಿಡ್ಡಾಗುವುದಿಲ್ಲ. ಹತ್ತಿಗೆ ಈ ಮೂರೂ ದೋಷ ಉಂಟು. ಆದ್ದರಿಂದ ಹತ್ತಿ ಬಟ್ಟೆ ತಂದವರು ಹೊಲಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಲೇಬೇಕು. ಗಿಡ್ಡಾಗುವುದೆಲ್ಲ ಆಗಲೇ ಆಗಿ ಹೋಗಲಿ. ಬಣ್ಣ ಬಿಡುತ್ತದೆಯೋ ನೋಡಲು ಒದ್ದೆ ಬಿಳಿ ಅರಿವೆಯಿಂದ ಮೂಲೆಯಲ್ಲಿ ತಿಕ್ಕಬೇಕು. ಹತ್ತಿ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಎರಡು ಎಳೆ ಕಿತ್ತು, ಬಯಲಲ್ಲಿ, ಕಡ್ಡಿ ಗೀರಿ ನೋಡಿದರಾಯಿತು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಒಂಬತ್ತು ವಾರಿಯಲ್ಲಿ ಎರಡು ಕಿಟಕಿ

ಈಗ ಮುಖ್ಯ ಮಾತಿಗೆ ಬರೋಣ. ನೇಕಾರರ ಊರಲ್ಲಿ ಪರದೆಗೆ ಬಟ್ಟೆ ಹುಡುಕಿಕೊಂಡು ಹೋಗಬೇಕಾದ ಕಾರಣವೇ ಇಲ್ಲ. ಹತ್ತಿ ಸೀರೆಯೇ ಪರದೆ. ಸೀರೆಯ ಅಗಲ ನಲವತ್ತೈದು ಇಂಚಿನ ಆಸುಪಾಸು. ಪರದೆ ಬಟ್ಟೆಯೂ ಸಾಮಾನ್ಯವಾಗಿ ನಲವತ್ತೆಂಟು ಇಂಚಿನದು. ಹೆಚ್ಚುಕಡಿಮೆ ಸರಿಸಮ.

ಕಿಟಕಿ ನಾಲ್ಕಡಿಗೆ ನಾಲ್ಕಡಿ ಇದೆ ಎನ್ನಿ. ಕೋಲು ಕಿಟಕಿಗಿಂತ ಎರಡೂ ಕಡೆ ಆರಾರು ಇಂಚು ಹೆಚ್ಚಿರಬೇಕು, ಒಟ್ಟು ಐದಡಿ. ನೆರಿಗೆ ಬೀಳಬೇಕಾದರೆ ಬಟ್ಟೆಯ ಅಗಲ ಕೋಲಿನ ಒಂದೂವರೆ ಪಟ್ಟಾದರೂ ಬೇಕು. ಸೀರೆಯಗಲದ ಎರಡು ತುಂಡು ಸೇರಿದರೆ ಏಳೂವರೆ ಅಡಿ, ಲೆಕ್ಕ ಸರಿಯಾಯಿತು. ಎತ್ತರಕ್ಕೆ ಕಿಟಕಿಯ ನಾಲ್ಕಡಿ, ಮೇಲೆ ನಾಲ್ಕು ಇಂಚು, ಕೆಳಗೆ ಆರು ಇಂಚು, ಮಡಿಕೆಗೆ ಎಂಟು ಇಂಚು. ಒಟ್ಟು ಐದೂವರೆ ಅಡಿ. ಒಂದು ಕಿಟಕಿಗೆ ಹನ್ನೊಂದು ಅಡಿ ಬಟ್ಟೆ.

ಒಂಬತ್ತು ವಾರಿ ಸೀರೆ ಎಂದರೆ 27 ಅಡಿ. ಎರಡು ಕಿಟಕಿಗೆ 22 ಅಡಿ ಹೋಗಿ, ಸೆರಗಿನ ಕಡೆಯ ಐದಡಿ ಉಳಿಯಿತು. ಅದರಲ್ಲಿ ಹದಿನಾರು ಇಂಚಿನ ದಿಂಬಿಗೆ ಮೂರು ಗವಸು! ಮೇಲಿನ ಲಾಭ ಇನ್ನೊಂದಿದೆ. ಸೀರೆಯ ದಡಿ ಉದ್ದಕ್ಕೆ ಇರುವುದರಿಂದ ಪರದೆಯ ಎರಡೂ ಪಕ್ಕದಲ್ಲಿ ತಾನಾಗಿಯೇ ಬಣ್ಣದ ಅಂಚು ಬರುತ್ತದೆ. ಬೇರೆ ಪಟ್ಟಿ ಹಚ್ಚಿಸುವ ಖರ್ಚಿಲ್ಲ. ಸೀರೆ ತೆಳುವಾಗಿ ಹೊರಗಿನವರಿಗೆ ಒಳಗೆ ಕಾಣುತ್ತದೆ ಎನ್ನುವವರು ಹಿಂದೆ ಮಾಂಜರಪಾಟಿನ ಅಸ್ತರು ಕೊಡಿಸಬೇಕು. ಹಳೆಯ ಧೋತರವಾದರೂ ನಡೆದೀತು.

ಇಲ್ಲಿ ಅಂಗಡಿಕಾರರಿಗೂ ಒಂದು ಮಾತಿದೆ. ನೇಯುವಾಗ ಎಲ್ಲೋ ಒಂದು ಎಳೆ ಹರಿದು ಗೆರೆ ಬೀಳುತ್ತದೆ. ಅಷ್ಟಕ್ಕೇ ಆ ಸೀರೆ ಡ್ಯಾಮೇಜ್. ಉಡುವ ಹೆಣ್ಣುಮಗಳು ಬೇಡವೆನ್ನುತ್ತಾಳೆ, ದರ ಮುರಿಯುತ್ತದೆ, ಪೆಟ್ಟು ನೇಯ್ದವರ ಹೊಟ್ಟೆಯ ಮೇಲೆ ಬೀಳುತ್ತದೆ. ಅದೇ ಸೀರೆ ಪರದೆಯಾದರೆ ಗೆರೆ ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ. ಐದೂವರೆ ಅಡಿಯ ಜೋಡಿ ತುಂಡು ಮಾಡಿ, ಮೇಲೆ ಕೋಲು ಹೋಗುವಷ್ಟು ಮಡಿಕೆ ಹೊಲಿಸಿ, 'ನಾಲ್ಕಡಿ ಕಿಟಕಿಗೆ' ಎಂದು ಚೀಟಿ ಹಚ್ಚಿ ಇಟ್ಟರೆ ಗಿರಾಕಿಗೂ ಅಳತೆಯ ತಲೆನೋವಿಲ್ಲ. ದರ್ಜಿಗೆ ಕೆಲಸ, ನೇಕಾರನಿಗೆ ಕಾಸು, ಅಂಗಡಿಗೆ ಲಾಭ. ಯಾರಿಗೂ ನಷ್ಟವಿಲ್ಲದ ವ್ಯಾಪಾರ ಇದು.

ಮಗ್ಗದ ಮನೆಯ ರೀತಿಯೇ ಬೇರೆ

ಮನೆಯಲ್ಲೇ ಮಗ್ಗ ಇರುವವರಿಗೆ ಪೇಟೆಯ ಸಿಂಗಾರದ ಪಾಠ ಪೂರ್ತಿ ಹೊಂದುವುದಿಲ್ಲ. ಹತ್ತಿಯ ನವಿರು ಧೂಳು ಅಲ್ಲಿ ಎಲ್ಲದರ ಮೇಲೂ ಕೂಡುತ್ತದೆ. ಮಖಮಲ್ಲು, ಜಾಲರಿಯ ಹೂವು, ಕೆತ್ತನೆಯ ಸಂದು, ಗೊಂಡೆ, ಕುಚ್ಚು ಇವೆಲ್ಲ ಧೂಳಿನ ಗೂಡುಗಳು. ಅಂಥ ಮನೆಗೆ ನಯವಾದ ಹಲಗೆ, ಬಾಗಿಲಿರುವ ಕಪಾಟು, ವಾರಕ್ಕೊಮ್ಮೆ ಕಿತ್ತು ಒಗೆಯಬಹುದಾದ ಸಾದಾ ಪರದೆ, ಇಷ್ಟೇ ಸಾಕು. ಮಗ್ಗದ ಕೋಣೆಗೂ ಅಡಿಗೆಮನೆಗೂ ನಡುವಿನ ಬಾಗಿಲಿಗೆ ಮಾತ್ರ ದಪ್ಪ ಪರದೆ ಬೇಕೇಬೇಕು. ಅದು ಸದ್ದನ್ನು ನಿಲ್ಲಿಸದಿದ್ದರೂ ಧೂಳು ಅನ್ನದ ಮೇಲೆ ಬೀಳುವುದನ್ನು ಬಹಳಷ್ಟು ತಡೆಯುತ್ತದೆ. ತೊಟ್ಟಿಲು ಆ ಕಡೆ, ಮಗ್ಗ ಈ ಕಡೆ ಇರುವ ಮನೆಯಲ್ಲಿ ಪರದೆ ಚೈನಿಯ ವಸ್ತುವಲ್ಲ, ಜೀವಕ್ಕೆ ಬೇಕಾದ ವಸ್ತು.

ನೆಲಕ್ಕೆ ಜಮಖಾನ, ಹೊದಿಯಲು ಕೌದಿ

ಪರದೆಯಾಯಿತು, ಉಳಿದದ್ದಕ್ಕೂ ದೂರ ಹೋಗಬೇಕಿಲ್ಲ. ನೆಲಕ್ಕೆ ನವಲಗುಂದದ ಜಮಖಾನವಿದೆ. ನಿಲ್ಲಿಸಿದ ಮಗ್ಗದ ಮೇಲೆ ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ನೇಯುವ ಕಸುಬು ಅದು. ನವಿಲು, ಪಗಡೆಯ ಹಾಸು ಅದರ ಹೆಸರುವಾಸಿ ಚಿತ್ರಗಳು. ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದ್ದರೂ ನೇಯುವ ಕೈಗಳು ಕಡಿಮೆಯಾಗುತ್ತ ಬಂದಿವೆ. ಇಂಥ ಒಂದು ಜಮಖಾನ ಹಾಸಿದ ಕೋಣೆಗೆ ಬೇರೆ ಅಲಂಕಾರವೇ ಬೇಡ. ಆದರೆ ಕೊಳ್ಳುವವರು ಒಂದು ತಿಳಿದಿರಬೇಕು: ಚಿತ್ರವಿರುವ ಜಮಖಾನದ ಮೇಲೆ ಚಿತ್ರವಿರುವ ದಿಂಬು, ಪಕ್ಕದಲ್ಲಿ ಹೂವಿನ ಪರದೆ ಕಟ್ಟಿದರೆ ಮೂರೂ ಜಗಳಾಡುತ್ತವೆ. ಒಂದು ಮಾತಾಡಲಿ, ಉಳಿದೆರಡು ಸುಮ್ಮನಿರಲಿ.

ದಿಂಬಿಗೆ ನಮ್ಮದೇ ಜಿಲ್ಲೆಯ ಗುಳೇದಗುಡ್ಡದ ಖಣವಿದೆ. ಕುಬುಸಕ್ಕೆಂದು ನೇಯ್ದ ಈ ಬಟ್ಟೆ ದಿಂಬಿನ ಗವಸಿಗೆ, ತೋರಣಕ್ಕೆ ಹೇಳಿ ಮಾಡಿಸಿದಂತಿದೆ. ಇಳಕಲ್ ಸೀರೆಯ ಸೆರಗು ಮಂಚದ ಹಾಸಿನ ನಡುವೆ ಅಡ್ಡಲಾಗಿ ಬಿದ್ದರೆ ಸಾಕು, ಕೋಣೆಗೆ ಕಳೆ ಬರುತ್ತದೆ.

ಇನ್ನು ಕೌದಿ. ಅಜ್ಜಿಯ ಸೀರೆ, ಅವ್ವನ ಸೀರೆ, ಹರಿದ ಧೋತರ ಪದರಿಗೆ ಪದರು ಕೂಡಿಸಿ ಸಣ್ಣ ಹೊಲಿಗೆ ಹಾಕಿದ ಹೊದಿಕೆ. ಹೊಸ ಮನೆ ಕಟ್ಟಿದವರು ಮೊದಲು ಅಟ್ಟಕ್ಕೆ ಎಸೆಯುವುದು ಇದನ್ನೇ. ಬೀಗರು ನೋಡಿದರೆ ನಾಚಿಕೆಯಂತೆ! ಅದೇ ಕೌದಿಯನ್ನು ದೊಡ್ಡ ಪಟ್ಟಣದ ಅಂಗಡಿಗಳಲ್ಲಿ ಕೈಹೊಲಿಗೆಯ ಕಲೆಯೆಂದು ಕೊಂಡು ಗೋಡೆಗೆ ತೂಗುಹಾಕುವವರಿದ್ದಾರೆ. ನಾಚಿಕೆ ಪಡಬೇಕಾದದ್ದು ಕೌದಿಯ ಬಗ್ಗೆ ಅಲ್ಲ.

ಸೋಲಾಪುರ ಮಾಡಿದ್ದು ನಮಗೆ ಆಗದೆ?

ಇಷ್ಟೆಲ್ಲ ಹೇಳುವುದು ಮನೆ ಚಂದ ಕಾಣಲಿ ಎಂದು ಮಾತ್ರವಲ್ಲ. ದಿನಬಳಕೆಯ ಹತ್ತಿ ಸೀರೆ ಉಡುವವರು ಕಡಿಮೆಯಾದರು. ಮನೆಯಲ್ಲಿ ನೈಟಿ, ಹೊರಗೆ ಚೂಡಿದಾರ. ಹೆಣ್ಣುಮಕ್ಕಳಿಗೆ ಅನುಕೂಲವಾದದ್ದನ್ನು ಅವರು ಉಡುತ್ತಾರೆ, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಸೀರೆಯೊಂದನ್ನೇ ನಂಬಿದ ಮಗ್ಗದ ಗತಿ? 2020ರ ಲಾಕ್‌ಡೌನಿನಲ್ಲಿ ನೇಯ್ದ ಸೀರೆ ಮಾರಲಾಗದೆ ಮನೆಮನೆಯಲ್ಲಿ ಗಂಟು ಬಿದ್ದದ್ದನ್ನು ಈ ಊರು ಕಂಡಿದೆ.

ಉಡುವ ಬಟ್ಟೆ ಬದಲಾದರೂ ಹಾಸುವ, ಹೊದೆಯುವ, ಕಟ್ಟುವ ಬಟ್ಟೆ ಎಲ್ಲ ಮನೆಗೂ ಬೇಕು. ಇದನ್ನು ಮೊದಲೇ ಅರಿತ ಊರುಗಳಿವೆ. ಸೋಲಾಪುರ ತನ್ನ ಚಾದರ, ಟವೆಲ್ಲುಗಳಿಂದ ಹೆಸರಾಯಿತು. ಕೇರಳದ ಕಣ್ಣೂರಿನ ಕೈಮಗ್ಗಗಳು ಪರದೆ, ಸೋಫಾ ಬಟ್ಟೆಗಳನ್ನು ಹೊರದೇಶಕ್ಕೆ ಕಳಿಸಿದವು. ತಮಿಳುನಾಡಿನ ಕರೂರು ಮನೆಬಳಕೆಯ ಬಟ್ಟೆಯಿಂದಲೇ ಬೆಳೆಯಿತು. ಹರಿಯಾಣದ ಪಾಣಿಪತ್ತಿನ ಹಾಸು-ಹೊದಿಕೆ ದೇಶವೆಲ್ಲ ತಿರುಗುತ್ತದೆ.

ದಾರಿ ಸಲೀಸಲ್ಲ, ಒಪ್ಪೋಣ. ಜೋಡಿ ಮಂಚದ ಹಾಸಿಗೆ ತೊಂಬತ್ತು ಇಂಚು ಅಗಲದ ಮಗ್ಗ ಬೇಕು. ಸೀರೆ ಮಗ್ಗದಲ್ಲಿ ನೇಯ್ದರೆ ನಡುವೆ ಜೋಡಿಸಿ ಹೊಲಿಯಬೇಕಾಗುತ್ತದೆ. ದಪ್ಪ ನೂಲಿಗೆ ತಕ್ಕಂತೆ ಮಗ್ಗದ ಕಟ್ಟು ಬದಲಿಸಬೇಕು. 1985ರ ಕೇಂದ್ರ ಕಾಯ್ದೆ ಕೆಲವು ಬಗೆಯ ಹಾಸು, ಜಮಖಾನ, ಪರದೆ-ಸೋಫಾ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ವಿದ್ಯುತ್ ಮಗ್ಗದವರು ಅದನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು. ಆದರೆ ಕಿಟಕಿ ಪರದೆಯ ಅಗಲ ಸೀರೆ ಮಗ್ಗಕ್ಕೆ ಇದ್ದೇ ಇದೆ. ಮೇಲಾಗಿ ಸೆರಗು ನೇಯುವ ತೊಡಕಿಲ್ಲ. ದಡಿ ಉಳಿಸಿಕೊಂಡು ಒಡಲನ್ನೇ ಉದ್ದಕ್ಕೆ ನೇಯ್ದರೆ ಅದೇ ಪರದೆ ಥಾನು. ಕೈಮಗ್ಗದವರಿಗಂತೂ 1975ರಲ್ಲಿ ಹುಟ್ಟಿದ ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮವಿದೆ, ಅದರ 'ಪ್ರಿಯದರ್ಶಿನಿ' ಮಳಿಗೆಗಳಿವೆ. ನೇಯುವವರು ನೇಯ್ದಾರು, ಆದರೆ ಕೊಳ್ಳುವವರು ಕೇಳಬೇಕಲ್ಲ? ಗಿರಾಕಿ ಕೇಳದ ಮಾಲನ್ನು ಯಾವ ಅಂಗಡಿಕಾರ ತರಿಸಿಯಾನು?

ಅಂತೂ ಸಂಜೆ ಬಸ್ಸಿಗೆ ಕಾಯುತ್ತ ಇದನ್ನು ಓದುತ್ತಿರುವವರು ಇವತ್ತು ಮನೆ ಮುಟ್ಟಿದ ಮೇಲೆ ಒಂದು ಕೆಲಸ ಮಾಡಲಿ. ಟೇಪು ಹಿಡಿದು ಮನೆಯ ಪ್ರತಿ ಕಿಟಕಿಯ ಅಗಲ, ಎತ್ತರ ಬರೆದು, ಆ ಚೀಟಿ ಕಿಸೆಯಲ್ಲಿಟ್ಟುಕೊಳ್ಳಲಿ. ಮುಂದಿನ ಸಲ ಅಂಗಡಿಯ ಕಟ್ಟೆ ಹತ್ತಿದಾಗ "ಎಷ್ಟ್ ಮೀಟರ್ರಿ?" ಎಂದರೆ ಚೀಟಿ ತೋರಿಸಲಿ. ಆಮೇಲೆ ಒಂದೇ ಮಾತು ಕೇಳಲಿ:

"ಇದು ನಮ್ಮೂರ ಮಗ್ಗದ್ದು ಐತೇನ್ರಿ ಅಣ್ಣಾರ?"

ದಿನಕ್ಕೆ ಹತ್ತು ಮಂದಿ ಹೀಗೆ ಕೇಳಿದರೆ, ಹನ್ನೊಂದನೆಯವರು ಬರುವುದರೊಳಗೆ ಥಾನು ಬಂದಿರುತ್ತದೆ.